ಲಿವರ್ ಕೇಳಿದ ವಯಸ್ಸು

ನನಗೆ ಎರಡು ವಯಸ್ಸು. ಒಂದು ಸರ್ಕಾರದ್ದು, ಇನ್ನೊಂದು ಅವ್ವನದ್ದು. ಸರ್ಕಾರದ ವಯಸ್ಸು ಜೂನ್ ಒಂದಕ್ಕೆ ತುಂಬುತ್ತದೆ. ಅವ್ವನ ವಯಸ್ಸು ಶ್ರಾವಣದ ಯಾವುದೋ ಶುಕ್ರವಾರ ತುಂಬುತ್ತದೆ, ಆದರೆ ಯಾವ ವರ್ಷದ ಶ್ರಾವಣ ಎಂಬುದು ಅವ್ವನಿಗೂ ಸರಿಯಾಗಿ ನೆನಪಿಲ್ಲ. ಇಷ್ಟು ವರ್ಷ ಈ ಎರಡೂ ಒಂದರ ತಂಟೆಗೆ ಒಂದು ಹೋಗದೆ ನನ್ನೊಳಗೆ ಬಾಳುವೆ ಮಾಡಿಕೊಂಡಿದ್ದವು. ಅವುಗಳ ನಡುವೆ ಜಗಳ ಹಚ್ಚಿದ್ದು ನನ್ನ ಲಿವರ್.

ಕೊಪ್ಪಳ ಜಿಲ್ಲೆಯಾದ ವರ್ಷವೇ ನನಗೆ ನೌಕರಿ ಸಿಕ್ಕಿತು. ತಳಕಲ್ ಕಡೆಯ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಹೇಳುತ್ತೇನೆ. ಮಕ್ಕಳು, ಊರವರು ಎಲ್ಲರಿಗೂ ನಾನು ಶರಣಮ್ಮ ಅಕ್ಕೋರು. ಮನೆ ಕೊಪ್ಪಳದಲ್ಲಿ. ನಮ್ಮ ಯಜಮಾನರಿಗೆ ಗಿಣಿಗೇರಾ ಹತ್ತಿರದ ಕಾರ್ಖಾನೆಯೊಂದರಲ್ಲಿ ಲಾರಿ ತೂಗುವ ಕೆಲಸ. ಅದಿರಿನ ಲಾರಿ ತುಂಬಿ ಬಂದಾಗ ಒಂದು ತೂಕ, ಖಾಲಿಯಾಗಿ ಹೋಗುವಾಗ ಒಂದು ತೂಕ, ಒಂದರಲ್ಲಿ ಒಂದನ್ನು ಕಳೆದು ಚೀಟಿ ಬರೆದುಕೊಡಬೇಕು. ಇವರದು ಮಾತು ಕಮ್ಮಿ. ಇಡೀ ದಿನ ಕಳೆಯುವ ಲೆಕ್ಕ ಮಾಡಿ ಮಾಡಿ ಮನೆಗೆ ಬಂದ ಮೇಲೆ ಮಾತನ್ನೂ ಕಳೆದೇ ಆಡುತ್ತಾರೆ ಎಂದು ನಾನು ಚಾಷ್ಟಿ ಮಾಡುತ್ತಿರುತ್ತೇನೆ.

ನನ್ನ ತವರು ಕಾರಟಗಿ. ನಾನು ಶಾಲೆಗೆ ಸೇರಿದ್ದು ತಡವಾಗಿ. ಅವ್ವ ಭತ್ತದ ನಾಟಿಗೆ ಹೋದರೆ ತಮ್ಮ ವೀರೇಶನನ್ನು ಕಂಕುಳಲ್ಲಿ ಹೊತ್ತುಕೊಂಡು ಓಣಿಯೆಲ್ಲ ತಿರುಗುವುದು ನನ್ನ ಕೆಲಸ. ಅವನು ಹೊರಲಾರದಷ್ಟು ದೊಡ್ಡವನಾದ ಮೇಲೆ ಅಪ್ಪ ನನ್ನನ್ನು ಶಾಲೆಗೆ ಕರೆದುಕೊಂಡು ಹೋದ. ಮಾಸ್ತರರು ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟು ಅಂದರು. ಮುಟ್ಟಿದರೆ ಆರು ವರ್ಷ ತುಂಬಿದೆ ಎಂದು ಲೆಕ್ಕ. ನನ್ನ ಕೈ ಕಿವಿ ದಾಟಿ ಕೆನ್ನೆಯವರೆಗೂ ಬಂತು. ಮಾಸ್ತರರು ಅದನ್ನು ನೋಡಲೂ ಇಲ್ಲ, ಆರು ಎಂದು ಬರೆದರು. ಅವತ್ತು ಸೇರಿದ ಹನ್ನೊಂದು ಮಕ್ಕಳಿಗೂ ಆರು ವರ್ಷ, ಹನ್ನೊಂದೂ ಮಕ್ಕಳು ಹುಟ್ಟಿದ್ದು ಜೂನ್ ಒಂದರಂದು. ನಗಬೇಡಿ, ನೌಕರಿಗೆ ಸೇರಿದ ಹೊಸದರಲ್ಲಿ ನಾನೂ ಹಾಗೆಯೇ ಎಷ್ಟೋ ಮಕ್ಕಳನ್ನು ಜೂನ್ ಒಂದರಂದು ಹುಟ್ಟಿಸಿದ್ದೇನೆ.

ನನ್ನ ಮದುವೆಯ ಮಾತು ಬಂದಾಗ ಹುಡುಗನಿಗೆ ಇಪ್ಪತ್ನಾಲ್ಕು. ಅವರದು ಖರೇ ತಾರೀಖು, ನನ್ನ ಮಾವನವರು ಪಂಚಾಂಗದ ಅಂಚಿನಲ್ಲಿ ಬರೆದಿಟ್ಟಿದ್ದರು. ನನ್ನ ಶಾಲೆಯ ಸರ್ಟಿಫಿಕೇಟಿನಲ್ಲಿ ನನಗೆ ಇಪ್ಪತ್ತೆರಡು. ಎರಡೂ ಕಡೆಯವರು ತಲೆ ಆಡಿಸಿದರು. ಅವ್ವ ಮಾತ್ರ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಕಿವಿಯಲ್ಲಿ ಹೇಳಿದಳು: "ನಿನಗ ಎರಡೋ ಮೂರೋ ಹೆಚ್ಚ ಅದಾವ. ಬಾಯಿ ಬಿಟ್ಟಿ ಅಂದ್ರ ನೋಡು."

ಬಾಯಿ ಬಿಡಲಿಲ್ಲ. ಬಿಡುವ ಹಾಗೆಯೂ ಇರಲಿಲ್ಲ. ಹೆಣ್ಣು ಹಿರಿಯಳಾದರೆ ಗಂಡಿನ ಆಯುಷ್ಯ ಸವೆಯುತ್ತದೆ ಎಂದು ನಂಬಿದ ಮನೆ ಅದು. ನಮ್ಮ ಅತ್ತೆ ಇದೇ ಕಾರಣಕ್ಕೆ ಮಗನಿಗೆ ನೋಡಿದ ಒಂದು ಸಂಬಂಧ ಬಿಟ್ಟುಬಂದವರು ಎಂದು ಮದುವೆಯಾದ ಮೇಲೆ ಗೊತ್ತಾಯಿತು. ಮೊದಲ ವರ್ಷವೇ ಇವರಿಗೆ ವಿಷಮಜ್ವರ ಬಂದು ಹದಿನೈದು ದಿನ ಮಲಗಿದಾಗ, ಗಂಜಿ ಕುಡಿಸುತ್ತ ಕೂತ ನನಗೆ ಇದು ನನ್ನಿಂದಲೇ ಆಗುತ್ತಿದೆ ಅನ್ನಿಸಿತ್ತು. ಗಣಿತ ಓದಿದವಳು, ಇಂಥದ್ದನ್ನೆಲ್ಲ ನಂಬುವುದಿಲ್ಲ ಎನ್ನುವವಳು. ಆದರೂ ಅನ್ನಿಸಿತ್ತು. ಆಮೇಲೆ ಜ್ವರ ಬಿಟ್ಟಿತು, ಮಗಳು ಹುಟ್ಟಿದಳು, ಅತ್ತೆ ತೀರಿಕೊಂಡರು, ನಾನು ಸರ್ಕಾರದ ವಯಸ್ಸಿನಲ್ಲೇ ಬದುಕಿದೆ. ಮನೆಯಲ್ಲಿ ಏನಾದರೂ ಬುದ್ಧಿ ಹೇಳಿದರೆ ಇವರು "ಸಣ್ಣಾಕಿ ಇದ್ದಿ, ಸುಮ್ಮನಿರು" ಅನ್ನುವುದು ವಾಡಿಕೆಯಾಯಿತು. ನಾನೂ ಸುಮ್ಮನಿರುತ್ತಿದ್ದೆ.

ಸರ್ಕಾರದ ಲೆಕ್ಕದಲ್ಲಿ ಐವತ್ತೆರಡಾದಾಗ ನನ್ನ ಹೆಗಲ ಮೇಲೆ ನಿಂಬೆಹಣ್ಣಿನಷ್ಟು ಕೊಬ್ಬಿನ ಗಂಟು ಬೆಳೆದಿತ್ತು. ನೋವಿಲ್ಲ, ಏನಿಲ್ಲ, ಕುಪ್ಪಸದ ತೋಳು ಕೂರುತ್ತಿರಲಿಲ್ಲ ಅಷ್ಟೇ. ಇವರ ಜೊತೆ ಒಂದು ಖಾಸಗಿ ಆಸ್ಪತ್ರೆಯಲ್ಲಿ ತೆಗೆಸಲು ಹೋದೆ. ತೆಗೆಯುವ ಮುಂಚೆ ರಕ್ತ ಪರೀಕ್ಷೆ ಅಂದರು. ರಿಪೋರ್ಟ್ ಬಂದ ಮೇಲೆ, ಬೆಳಿಗ್ಗೆ ನಗುತ್ತ ಹಾಸಿಗೆ ತೋರಿಸಿದ್ದ ನರ್ಸ್ ಬಂದು ಹಾಸಿಗೆಯಿಂದ ಎಬ್ಬಿಸಿದಳು. ನನ್ನ ಕಾಗದದ ಮೂಲೆಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದರು.

"ನಿಮ್ದು ಎಲ್ಲಾರ್ದೂ ಮುಗದ ಮ್ಯಾಲೆ ರೀ," ಅಂದಳು.

"ಯಾಕವಾ?"

"ಹೆಪಟೈಟಿಸ್ ಬಿ ಐತ್ರಿ ನಿಮಗ." ಹೇಳಿ ಒಂದು ಹೆಜ್ಜೆ ಹಿಂದೆ ಸರಿದಳು.

ನನಗೆ ಒಂದೂ ತಿಳಿಯಲಿಲ್ಲ. ಕಾಮಣಿಯಾದವರನ್ನು ನೋಡಿದ್ದೇನೆ, ಕಣ್ಣು ಹಳದಿಯಾಗುತ್ತವೆ, ನಾಟಿ ಔಷಧ ಕುಡಿಯುತ್ತಾರೆ, ಉಪ್ಪು ಖಾರ ಬಿಡುತ್ತಾರೆ. ನನ್ನ ಕಣ್ಣು ಬೆಳ್ಳಗಿದ್ದವು, ನಾನು ಬೆಳಿಗ್ಗೆ ಖಾರದ ಮಂಡಕ್ಕಿ ತಿಂದು ಬಂದಿದ್ದೆ. ಎಲ್ಲಿಂದ ಬಂತು ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಹುಟ್ಟುವಾಗಲೇ ಬಂದಿರಬಹುದು, ಸಣ್ಣವಳಿದ್ದಾಗಿನ ಯಾವುದೋ ಸೂಜಿಯಿಂದ ಬಂದಿರಬಹುದು, ಮುಂಗೈ ಮೇಲಿನ ಹಚ್ಚೆಯಿಂದಲೂ ಬಂದಿರಬಹುದು ಅಂದರು. ಅಂದರೆ ಇಷ್ಟು ವರ್ಷ ಅದು ನನ್ನೊಳಗೇ ಸದ್ದಿಲ್ಲದೆ ಸಂಸಾರ ಮಾಡಿಕೊಂಡಿತ್ತು. ಗಂಟು ಹೆಗಲ ಮೇಲೆಯೇ ಉಳಿಯಿತು, ಸರದಿಗೆ ಕಾಯದೆ ನಾವು ಮನೆಗೆ ಬಂದೆವು.

ಇವರು ರಿಪೋರ್ಟನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು, "ಆತು, ದೊಡ್ಡ ದವಾಖಾನಿಗೆ ಹೋಗೂಣು," ಅಂದರು. ಅಷ್ಟೇ ಮಾತು. ನಾನು ಅವತ್ತೇ ನನ್ನ ತಾಟು, ಲೋಟ ಬೇರೆ ಮಾಡಿ ಕಪಾಟಿನ ಮೂಲೆಯಲ್ಲಿಟ್ಟೆ. ಮರುದಿನ ಊಟಕ್ಕೆ ಕೂತಾಗ ಇವರು ಅದೇ ತಾಟು ತೆಗೆದುಕೊಂಡು ಉಣ್ಣುತ್ತಿದ್ದರು. ನಾನು ಹೌಹಾರಿ ಕಸಿದುಕೊಳ್ಳಲು ಹೋದರೆ, "ಉಣ್ಣಾಕ ಬಿಡ, ತಾಟಿನಾಗ ಏನ್ ಬರದೈತಿ?" ಅಂದರು. ತಾಟಿನಿಂದ ಈ ರೋಗ ಅಂಟುವುದಿಲ್ಲ ಎಂದು ಆಮೇಲೆ ಡಾಕ್ಟರೇ ಹೇಳಿದರು. ಇವರಿಗೆ ಅದು ಮೊದಲೇ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಉಂಡರು ಎಂಬುದು ನನಗೆ ಇವತ್ತಿಗೂ ದೊಡ್ಡದು. ಇವರ ಮತ್ತು ಮಗಳ ರಕ್ತ ನೋಡಿಸಿದೆವು, ಇಬ್ಬರಿಗೂ ಇರಲಿಲ್ಲ. ಲಸಿಕೆ ಹಾಕಿಸಿದರು.

ದೊಡ್ಡ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕಿಟಕಿಯ ಮುಂದೆ ನಿಂತವರನ್ನು ನೋಡಿದರೆ ವಯಸ್ಸು ಎಂಬುದು ಎಂಥ ಸಡಿಲ ವಸ್ತು ಎಂದು ಗೊತ್ತಾಗುತ್ತದೆ. ನನ್ನ ಮುಂದಿದ್ದ ಕುಷ್ಟಗಿ ಕಡೆಯ ಮುದುಕಿಗೆ ಚೀಟಿಯವನು "ಎಷ್ಟ್ ಬರೀಲಿ ಆಯಿ?" ಎಂದು ಕೇಳಿದ. "ನೀನ ನೋಡಿ ಬರಕೋಪಾ, ಪಗಾರ ನಿಂದರದಂಗ ಬರಿ," ಅಂದಳು ಮುದುಕಿ. ಪಗಾರ ಅಂದರೆ ವೃದ್ಧಾಪ್ಯದ ಪಿಂಚಣಿ. ಅವನು ಎಪ್ಪತ್ತು ಎಂದು ಬರೆದ. ನನ್ನ ಸರದಿ ಬಂದಾಗ ಇವರೇ ಹಿಂದಿನಿಂದ "ಐವತ್ತೆರಡು" ಅಂದರು. ನಾನು ಹೂಂ ಅಂದೆ.

ಬೆಂಚಿನ ಮೇಲೆ ಎರಡು ತಾಸು ಕೂತೆವು. ಗೋಡೆಯ ಮೇಲಿನ ಲಿವರಿನ ಚಿತ್ರವನ್ನು ಎಷ್ಟು ನೋಡಿದೆನೆಂದರೆ, ಈಗಲೂ ಕಣ್ಣು ಮುಚ್ಚಿ ಬರೆಯಬಲ್ಲೆ.

ಡಾಕ್ಟರ್ ಸಾಹೇಬರು ಗಂಗಾವತಿಯವರು, ನಮ್ಮದೇ ಮಾತು. ನನ್ನ ರಿಪೋರ್ಟುಗಳನ್ನು ಹಾಸಿಕೊಂಡು, "ನೋಡ್ರಿ ಅಕ್ಕೋರ, ವೈರಸ್ ಇರೋದು ಗೊತ್ತಾತು. ಅದು ಲಿವರಿಗೆ ಎಷ್ಟು ಗಾಯದ ಕಲಿ ಮಾಡೈತಿ ಅನ್ನೋದು ಗೊತ್ತಾಗಬೇಕು," ಅಂದರು. ನಾನು ಗಾಬರಿಯಾಗಿ ನೋಡಿದೆ. "ಬೆಂಡಿಕಾಯಿ ಗೊತ್ತೈತಿಲ್ರಿ? ಎಳೀದು ಇದ್ದಾಗ ಮೆತ್ತಗ ಇರ್ತೈತಿ. ಬಲತಂಗ ಬಲತಂಗ ಒಳಗ ನಾರು ಆಗ್ತೈತಿ. ಲಿವರೂ ಹಂಗ. ನಿಮ್ಮದು ಎಷ್ಟು ನಾರು ಆಗೈತಿ ಅಂತ ನೋಡೂಣು."

ಹೊಟ್ಟೆ ಕೊಯ್ದು ನೋಡುತ್ತಾರೇನೋ ಅಂದುಕೊಂಡೆ. ಅವರು ಮೊಬೈಲ್ ತೆಗೆದರು. ರಕ್ತದ ಅಂಕಿಗಳಿಂದಲೇ ಒಂದು ಅಂದಾಜು ಸಿಗುತ್ತದಂತೆ. ಲಿವರ್ ನೊಂದಾಗ ರಕ್ತಕ್ಕೆ ಬಿಡುವ ಎರಡು ಪದಾರ್ಥಗಳ ಅಂಕಿ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳ ಅಂಕಿ. ನನ್ನದು ಎಪ್ಪತ್ತೆರಡು, ಅರವತ್ನಾಲ್ಕು, ಪ್ಲೇಟ್‌ಲೆಟ್ ಒಂದೂವರೆ ಲಕ್ಷ. ಅವನ್ನು ಒತ್ತಿ ಒತ್ತಿ ಹಾಕಿದ ಮೇಲೆ ಕತ್ತು ಎತ್ತಿ ಕೇಳಿದರು:

"ವಯಸ್ಸು?"

"ಅದೂ ಬೇಕೇನ್ರಿ?" ನನ್ನ ಬಾಯಿಂದ ತಾನಾಗಿ ಬಂತು.

"ಅದರ ಮ್ಯಾಲ ಐತ್ರಿ ಲೆಕ್ಕ."

ಪಕ್ಕದಲ್ಲಿ ಇವರು ಕೂತಿದ್ದರು. "ಐವತ್ತೆರಡು," ಅಂದೆ.

ಮೂರು ಪಾಯಿಂಟ್ ಒಂದು ಎರಡು ಬಂತು. ಒಂದು ಪಾಯಿಂಟ್ ನಾಲ್ಕು ಐದಕ್ಕಿಂತ ಕೆಳಗಿದ್ದರೆ ಬಹುಮಟ್ಟಿಗೆ ನಿಶ್ಚಿಂತೆ, ಮೂರು ಪಾಯಿಂಟ್ ಎರಡು ಐದಕ್ಕಿಂತ ಮೇಲಿದ್ದರೆ ನಾರು ಬಲಿತಿರುವ ಸಂಭವ ಹೆಚ್ಚು. ನನ್ನದು ನಡುವೆ. "ಹೌದು ಅನ್ನಾಕ ಬರಂಗಿಲ್ಲ, ಇಲ್ಲ ಅನ್ನಾಕ ಬರಂಗಿಲ್ಲ," ಅಂದರು ಸಾಹೇಬರು. "ಹುಬ್ಬಳ್ಳಿಯೊಳಗ ಒಂದು ಮಷೀನ್ ಐತಿ, ಲಿವರ್ ಎಷ್ಟು ಗಟ್ಟಿ ಆಗೈತಿ ಅಂತ ಹೊರಗಿಂದನ ನೋಡ್ತೈತಿ. ಹೋಗಿ ಬಂದ್ರ ಛಲೋ. ಇಲ್ಲಾಂದ್ರ ಮೂರು ತಿಂಗಳು ಬಿಟ್ಟು ಮತ್ತ ರಕ್ತ ನೋಡೂಣು."

ಇವರು ಹುಬ್ಬಳ್ಳಿ ಅನ್ನಲು ಬಾಯಿ ತೆರೆದರು. ನಾನು ಅದಕ್ಕಿಂತ ಮುಂಚೆ "ಮೂರು ತಿಂಗಳು ನೋಡೂಣ್ರಿ" ಅಂದುಬಿಟ್ಟೆ. ಹೆದರಿಕೆ. ಮಷೀನ್ ನಿಜ ಹೇಳಿಬಿಡುತ್ತದೆ, ನಡುವೆ ಇದ್ದರೆ ಎಷ್ಟೋ ವಾಸಿ ಅನ್ನಿಸಿತು. ಅಂತೂ ತಪ್ಪಿಸಿಕೊಂಡೆ ಎಂದು ಹೊರಗೆ ಬಂದು ಒಂದು ಕಪ್ ಚಹಾ ಕುಡಿದೆ.

ನಾಲ್ಕು ದಿನ ಕಳೆದ ಮೇಲೆ ಶಾಲೆಯಲ್ಲಿ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅದು ಹೊಳೆಯಿತು. ಡಾಕ್ಟರು ರಿಪೋರ್ಟಿನ ಬೆನ್ನ ಮೇಲೆ ಸೂತ್ರ ಬರೆದುಕೊಟ್ಟಿದ್ದರು, ಗಣಿತದ ಅಕ್ಕೋರಿಗೆ ಖುಷಿಯಾಗಲಿ ಎಂದು. ನಾನು ಬೋರ್ಡಿನ ಮೇಲೆ ಅದನ್ನು ಬಿಡಿಸಿದೆ. ವಯಸ್ಸನ್ನು ಎಪ್ಪತ್ತೆರಡರಿಂದ ಗುಣಿಸಬೇಕು. ಅರವತ್ನಾಲ್ಕರ ವರ್ಗಮೂಲ ಎಂಟು, ಪ್ಲೇಟ್‌ಲೆಟ್ ಒಂದೂವರೆ ಲಕ್ಷ ಅಂದರೆ ನೂರೈವತ್ತು ಸಾವಿರ, ಎಂಟನ್ನು ಆ ನೂರೈವತ್ತರಿಂದ ಗುಣಿಸಿದರೆ ಸಾವಿರದ ಇನ್ನೂರು, ಅದರಿಂದ ಭಾಗಿಸಬೇಕು. ಐವತ್ತೆರಡಕ್ಕೆ ಮೂರು ಪಾಯಿಂಟ್ ಒಂದು ಎರಡು, ಸರಿ. ಅದರ ಕೆಳಗೆ, ಕೈ ತಾನಾಗಿ ಬರೆಯಿತೇನೋ ಎಂಬಂತೆ, ಐವತ್ತೈದು ಎಂದು ಬರೆದೆ. ಮೂರು ಪಾಯಿಂಟ್ ಮೂರು. ಗೆರೆಯ ಆಚೆ.

ಸೀಮೆಸುಣ್ಣ ಕೆಳಗಿಟ್ಟೆ. ತಿರುಗಿ ನೋಡಿದರೆ ಊಟ ಮುಗಿಸಿ ಬಂದ ಏಳನೇ ಇಯತ್ತೆಯ ಹುಡುಗಿಯರು ಇಡೀ ಲೆಕ್ಕವನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದರು.

"ಅಕ್ಕೋರ, ಇದು ಪರೀಕ್ಷೆಗೆ ಬರ್ತೈತೇನ್ರಿ?" ಎಂದು ಒಬ್ಬಳು ಕೇಳಿದಳು.

"ನನಗ ಬಂದೈತಿ," ಅಂದು ಅಳಿಸಿಬಿಟ್ಟೆ.

ಮದುವೆಯ ಮನೆಯಲ್ಲಿ ಹೇಳಿದ ಒಂದು ಸುಳ್ಳು ಮೂವತ್ತು ವರ್ಷದ ಮೇಲೆ ಲಿವರಿನ ಲೆಕ್ಕದಲ್ಲಿ ಬಂದು ಕೂತಿತ್ತು. ಡಾಕ್ಟರಿಗೆ ನಿಜ ಹೇಳಿದರೆ ಗಂಡನಿಗೂ ಹೇಳಿದ ಹಾಗೆ. ಹೇಳದಿದ್ದರೆ ನನ್ನ ಲಿವರಿಗೆ ಮೋಸ. ಮೊದಲು ನಿಜ ಯಾವುದು ಎಂದಾದರೂ ತಿಳಿದುಕೊಳ್ಳೋಣ ಎಂದು ಭಾನುವಾರ ಒಬ್ಬಳೇ ಕಾರಟಗಿಯ ಬಸ್ಸು ಹತ್ತಿದೆ.

ಅವ್ವ ತಮ್ಮನ ಮನೆಯಲ್ಲಿರುತ್ತಾಳೆ. ಕಣ್ಣು ಮಂಜು, ಕಿವಿ ಚುರುಕು, ಬಾಯಿ ಇನ್ನೂ ಚುರುಕು. ವೀರೇಶ ಅಕ್ಕಿ ಗಿರಣಿಗೆ ಹೋಗಿದ್ದ. ಅವನ ಹೆಂಡತಿ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಚಹಾ ತಂದಳು, ನನಗೆ ಪೇಪರ್ ಕಪ್ಪಿನಲ್ಲಿ. ತಪ್ಪು ಅನ್ನಲಾರೆ, ನಾನೇ ಮನೆಯಲ್ಲಿ ತಾಟು ಬೇರೆ ಇಟ್ಟವಳು. ಆದರೂ ಕಪ್ಪನ್ನು ಅರ್ಧಕ್ಕೇ ಕೆಳಗಿಟ್ಟೆ. ಅವ್ವ ಕೈಯಾಡಿಸಿ ಆ ಕಪ್ಪನ್ನು ಹುಡುಕಿ ತೆಗೆದುಕೊಂಡು, "ಚಹಾ ಕೆಡಸಬಾರದು," ಎಂದು ಉಳಿದದ್ದನ್ನು ಕುಡಿದಳು.

ಸೊಸೆ ಒಳಗೆ ಹೋದ ಮೇಲೆ ಕೇಳಿದೆ. "ಖರೇ ಹೇಳಬೇ, ನಾ ಯಾವ ವರ್ಷ ಹುಟ್ಟೀನಿ?"

"ಶ್ರಾವಣ ಶುಕ್ರವಾರ."

"ಶುಕ್ರವಾರ ಇರ್ಲಿ, ವರ್ಷ?"

ಅವ್ವ ಬೆರಳು ಮಡಿಚಿ ಎಣಿಸಿದಳು. ಆಮೇಲೆ, "ಎಪ್ಪತ್ತೆರಡರ ಬರ ಬಿತ್ತಲ್ಲ, ಗಂಜಿ ಕೇಂದ್ರ ಇಟ್ಟಿದ್ರು. ನೀನ ತಂಬಗಿ ತಗೊಂಡು ಹೋಗಿ ಪಾಳಿ ಹಚ್ಚಿ ಗಂಜಿ ತರತಿದ್ದಿ. ಒಂದು ಹನಿ ಚೆಲ್ಲತಿರಲಿಲ್ಲ. ಆಗ ನಿನಗ ಐದು."

ಸರ್ಕಾರದ ಲೆಕ್ಕದಲ್ಲಿ ಆಗ ನನಗೆ ಎರಡು. ಎರಡು ವರ್ಷದ ಕೂಸು ತಂಬಿಗೆ ಹಿಡಿದು ಪಾಳಿ ನಿಲ್ಲುವುದಿಲ್ಲ. ಬರ ಬಿದ್ದು ಸರಿಯಾಗಿ ಐವತ್ತು ವರ್ಷ. ಐವತ್ತೂ ಐದೂ ಐವತ್ತೈದು. ಲೆಕ್ಕ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ನನ್ನೊಳಗಿನ ಗಣಿತದ ಅಕ್ಕೋರು ಸುಮ್ಮನಿರಬೇಕಲ್ಲ!

"ಐದು ತುಂಬಿತ್ತೋ, ನಡೀತಿತ್ತೋ?"

"ಆಂ?"

"ಐದು ಮುಗದಿತ್ತೋ, ಐದನೇದರಾಗ ಇದ್ದೆನೋ?"

"ಅಯ್ಯ, ಐದು ಅಂದ್ರ ಐದವಾ! ಐದು ಐದು ಅಂತಿದ್ರು ಎಲ್ಲಾರೂ. ತುಂಬಿದ್ದು, ನಡದಿದ್ದು ಯಾರು ನೋಡ್ಯಾರ? ಬರದಾಗ ಹೊಟ್ಟಿನ ತುಂಬತಿರಲಿಲ್ಲ, ವರ್ಷ ತುಂಬಿದ್ದು ಯಾರು ಕೇಳ್ತಿದ್ರು?"

ಮರಳಿ ಬರುವಾಗ ಬಸ್ಸಿನಲ್ಲಿ ಟಿಕೆಟಿನ ಹಿಂದೆ ಲೆಕ್ಕ ಹಾಕಿದೆ. ಐದು ತುಂಬಿದ್ದರೆ ಈಗ ಐವತ್ತೈದು, ಮೂರು ಪಾಯಿಂಟ್ ಮೂರು. ಐದು ನಡೆಯುತ್ತಿದ್ದರೆ ಈಗ ಐವತ್ನಾಲ್ಕು, ಮೂರು ಪಾಯಿಂಟ್ ಎರಡು ನಾಲ್ಕು. ಗೆರೆ ಇರುವುದು ಮೂರು ಪಾಯಿಂಟ್ ಎರಡು ಐದಕ್ಕೆ. ಒಂದಾದರೆ ಕೂದಲೆಳೆಯಷ್ಟು ಈಚೆ, ಇನ್ನೊಂದಾದರೆ ಆಚೆ. ಮೂರು ಸಲ ಲೆಕ್ಕ ಮಾಡಿದೆ. ಮಕ್ಕಳಿಗೆ ಉತ್ತರ ಬರದಿದ್ದರೆ ಎಲ್ಲೋ ತಪ್ಪಿದೆ, ಮತ್ತೆ ಮಾಡು ಅನ್ನುತ್ತೇನೆ. ಇಲ್ಲಿ ಲೆಕ್ಕ ತಪ್ಪಿರಲಿಲ್ಲ, ನಾನೇ ತಪ್ಪಿದ್ದೆ.

ಆಮೇಲಿನ ಎರಡು ವಾರ ನಾನು ಹೇಗಿದ್ದೆ ಎಂದು ಹೇಳುವುದು ಕಷ್ಟ. ಬೆಳಿಗ್ಗೆ ಐವತ್ತೆರಡಾಗಿ ಏಳುತ್ತಿದ್ದೆ, ಏನೂ ಆಗಿಲ್ಲ ಎಂದು ರೊಟ್ಟಿ ಬಡಿಯುತ್ತಿದ್ದೆ. ಶಾಲೆಯ ಮೆಟ್ಟಿಲು ಹತ್ತಿ ದಣಿವಾದರೆ ಐವತ್ತೈದಾಗುತ್ತಿದ್ದೆ. ಸಂತೆಯಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡುವಾಗ ಪಟ್ಟನೆ ಮುರಿದರೆ ಖುಷಿ, ಮುರಿಯದೆ ಬಗ್ಗಿದರೆ ದಿಗಿಲು. ಮುಂಚೆಯೆಲ್ಲ ಬಲಿತದ್ದನ್ನು ಬುಟ್ಟಿಗೆ ಎಸೆದು ಮುಂದೆ ಹೋಗುತ್ತಿದ್ದೆ. ಈಗ ಅದನ್ನು ಕೈಯಲ್ಲಿ ಹಿಡಿದುಕೊಂಡು ನಿಂತುಬಿಡುತ್ತಿದ್ದೆ. "ತಗೋತೀರೇನ್ರಿ, ಇಲ್ಲೇನ್ರಿ?" ಎಂದು ಕಾಯಿಪಲ್ಲೆಯವಳು ಕೇಳುತ್ತಿದ್ದಳು.

ಹೆದರಿಕೆ ಯಾವುದಕ್ಕೆ ಎಂದೂ ಗೊತ್ತಾಗುತ್ತಿರಲಿಲ್ಲ. ಲಿವರಿಗೋ, ಗಂಡನ ಮುಖಕ್ಕೋ? ಇವರೇನು ಜಗಳ ಮಾಡುವವರಲ್ಲ. ಆದರೆ ಮೂವತ್ತು ವರ್ಷ ಒಂದೇ ತಾಟಿನಲ್ಲಿ ಉಂಡವರಿಗೆ, ನಿಮ್ಮ ಅವ್ವ ಯಾವುದಕ್ಕೆ ಹೆದರಿದ್ದರೋ ಅದನ್ನೇ ನಾನು ಬಚ್ಚಿಟ್ಟುಕೊಂಡು ನಿಮ್ಮ ಮನೆ ಸೇರಿದೆ ಎಂದು ಹೇಗೆ ಹೇಳುವುದು? ಆಸ್ಪತ್ರೆಯ ಬೆಂಚಿನ ಮೇಲೆ ಗಂಡನ ಪಕ್ಕ ಕೂತು, ಡಾಕ್ಟರು ಕೇಳಿದ ಯಾವುದೋ ಒಂದು ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟು ಬಂದವರು ನನ್ನ ಹಾಗೆ ಇನ್ನೂ ಇದ್ದಾರೆ ಎಂದು ನನಗೆ ಗೊತ್ತು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನಾಚಿಕೆ ಬಿಟ್ಟು ಹೇಳಬೇಕೆಂದರೆ, ನನಗೆ ಸಾಯುವುದಕ್ಕಿಂತ ಸಿಕ್ಕಿಬೀಳುವುದೇ ಹೆಚ್ಚು ಭಯವಾಗಿತ್ತು.

ಒಂದು ಸೋಮವಾರ ಶಾಲೆಗೆ ರಜೆ ಹಾಕಿ, ಇವರು ಡ್ಯೂಟಿಗೆ ಹೋದ ಮೇಲೆ ಒಬ್ಬಳೇ ಹೋಗಿ ಡಾಕ್ಟರಿಗೆ ಹೇಳಿಬರುವುದೆಂದು ನಿಶ್ಚಯ ಮಾಡಿದೆ. ಫೈಲು ಹುಡುಕಿದರೆ ಕಪಾಟಿನಲ್ಲಿಲ್ಲ. ಹಾಸಿಗೆಯ ಕೆಳಗಿಲ್ಲ. ಕೊನೆಗೆ ಬರಿಗೈಯಲ್ಲೇ ಹೋದೆ. ಆಸ್ಪತ್ರೆಯ ಗೇಟಿನ ಬಳಿ, ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು ಇವರು ನಿಂತಿದ್ದರು. ಪಾಳಿ ಬದಲಿಸಿಕೊಂಡಿದ್ದರಂತೆ.

"ನೀವ್ ಯಾಕ ಬಂದ್ರಿ?"

"ಎರಡು ವಾರ ಆತು, ಎರಡು ರೊಟ್ಟಿ ತಿಂತಿದ್ದಾಕಿ ಅರ್ಧಾ ರೊಟ್ಟಿ ತಿನ್ನಾಕತ್ತಿ. ನಿನ್ನೆ ರಜಾ ಚೀಟಿ ಬರಿಯೂದು ನೋಡಿದ್ನಿ. ನಡಿ ಒಳಗ."

ಒಳಗೆ ಡಾಕ್ಟರ್ ಸಾಹೇಬರು, "ಏನ್ರಿ ಅಕ್ಕೋರ, ಮೂರು ತಿಂಗಳು ಇಷ್ಟ ಲಗೂನ ಮುಗೀತೇನು?" ಎಂದು ನಕ್ಕರು. ನಾನು ಕುರ್ಚಿಯ ತುದಿಯಲ್ಲಿ ಕೂತೆ. ಇವರು ಪಕ್ಕದಲ್ಲಿ. ಇನ್ನು ಹ್ಯಾಗೆ ಸುತ್ತಿಬಳಸಿದರೂ ಅಷ್ಟೇ ಎಂದು ಟೇಬಲ್ಲಿನ ಮೇಲಿನ ಪೇಪರ್‌ವೇಟನ್ನೇ ನೋಡುತ್ತ ಹೇಳಿದೆ.

"ಸಾಹೇಬ್ರ, ನಂದು ಐವತ್ತೆರಡು ಅಲ್ರಿ."

"ಮತ್ತ?"

"ಐವತ್ನಾಲ್ಕೋ ಐವತ್ತೈದೋ. ಶ್ರಾವಣದಾಗ ಹುಟ್ಟಿದ್ದು ಖರೇ, ಯಾವ ಶ್ರಾವಣ, ತುಂಬಿದ್ದೋ ನಡಿಯೂದೋ ನಮ್ಮವ್ವಗೂ ಗೊತ್ತಿಲ್ರಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ನಗುತ್ತಾರೆ ಅಂದುಕೊಂಡೆ, ನಗಲಿಲ್ಲ. ಮೊಬೈಲಿನಲ್ಲಿ ಎರಡೂ ಒತ್ತಿ ನೋಡಿದರು. "ನಿಮ್ಮವ್ವನ ಎರಡು ಶ್ರಾವಣದ ನಡುವನ ಹಾದು ಹೋಗೈತಲ್ರಿ ಗೆರಿ! ಯಾವುದು ಬರೀಲಿ?"

ಪಕ್ಕಕ್ಕೆ ತಿರುಗಿ ನೋಡುವ ಧೈರ್ಯವಿರಲಿಲ್ಲ. ಪಕ್ಕದಿಂದಲೇ ಮಾತು ಬಂತು.

"ಐವತ್ತೈದು ಬರಕೋರಿ ಸಾಹೇಬ್ರ."

ಅದೇ ದನಿ. ಲಾರಿಯ ತೂಕ ಹೇಳುವ ದನಿ. ಡಾಕ್ಟರು ಬರೆದುಕೊಂಡು ಹೇಳಿದರು: "ಒಂದು ತಿಳಕೋರಿ. ಈ ಅಂಕಿ ದಾರಿಯೊಳಗಿನ ಕೈಮರ ಇದ್ದಂಗ, ಊರು ಎಲ್ಲೈತಿ ಅಂತ ತೋರಸ್ತೈತಿ ಅಷ್ಟ. ಐವತ್ನಾಲ್ಕಕ್ಕ ಛಲೋ, ಐವತ್ತೈದಕ್ಕ ಕೆಟ್ಟ ಅಂತ ಲಿವರ್ ಕ್ಯಾಲೆಂಡರ್ ನೋಡಿ ಕುಂದ್ರಂಗಿಲ್ಲ. ಆವಾಗನ ಹುಬ್ಬಳ್ಳಿಗೆ ಹೋಗಬೇಕಿತ್ತು. ಈಗಾದ್ರೂ ಹೋಗ್ರಿ."

ಮನೆಗೆ ಬರುವ ದಾರಿಯುದ್ದಕ್ಕೂ ನಾನು ಇವರ ಮಾತಿಗೆ ಕಾದೆ. ಬರಲಿಲ್ಲ. ಮರುದಿನವೂ ಬರಲಿಲ್ಲ. ಕೇಳುವ ಬಾಯಿ ನನಗಿರಲಿಲ್ಲ.

ಆ ವಾರವೇ ಹುಬ್ಬಳ್ಳಿಗೆ ಹೋದೆವು. ಪಕ್ಕೆಗೆ ತಣ್ಣನೆಯ ಜೆಲ್ ಹಚ್ಚಿ, ಒಂದು ಉಪಕರಣ ಒತ್ತಿ ಹಿಡಿದರು. ಅದು ಪಕ್ಕೆಲುಬುಗಳ ಸಂದಿಯಲ್ಲಿ ಟಕ್ ಟಕ್ ಎಂದು ಬಡಿಯಿತು, ಕುಂಬಾರಗಿತ್ತಿಯ ಮುಂದೆ ಕೂತು ಗಡಿಗೆ ಬಡಿದು ನೋಡುತ್ತೇವಲ್ಲ, ಹಾಗೆ. ನನ್ನ ಗಡಿಗೆಯ ದನಿ ಹೇಗಿದೆಯೋ ಎಂದು ಕಣ್ಣು ಮುಚ್ಚಿಕೊಂಡೆ. ಹತ್ತು ನಿಮಿಷದ ಕೆಲಸ, ನೋವಿಲ್ಲ. ಹತ್ತು ನಿಮಿಷದ ಈ ಕೆಲಸಕ್ಕೆ ಹೆದರಿ ನಾನು ವಾರಗಟ್ಟಲೆ ಹಾಳು ಮಾಡಿದ್ದೆ. ಅಲ್ಲಿಯ ಡಾಕ್ಟರಮ್ಮ ಕಾಗದ ನೋಡಿ, "ಕಲೆ ಆಗಿದೆ, ಸಣ್ಣದಲ್ಲ. ಆದರೆ ಕೊನೆಯ ಹಂತಕ್ಕೆ ಹೋಗಿಲ್ಲ. ಇವತ್ತಿನಿಂದಲೇ ಮಾತ್ರೆ ಶುರು ಮಾಡೋಣ, ದಿನಾ ಒಂದು, ಬಿಡುವ ಹಾಗಿಲ್ಲ," ಅಂದರು. ಇನ್ನೂ ಕಾದಿದ್ದರೆ ಎಂದು ಕೇಳಿದೆ. "ಅದನ್ನು ಯಾರೂ ಹೇಳಲಾರರು. ಬಂದಿರಲ್ಲ," ಅಂದರು. ನಾನು ಅಲ್ಲಿಯೇ ಅತ್ತುಬಿಟ್ಟೆ. ಸಂತೋಷಕ್ಕೋ ದುಃಖಕ್ಕೋ ತಿಳಿಯಲಿಲ್ಲ. ಇವರು ಹೆಗಲ ಮೇಲಿನ ಟವೆಲ್ ಕೊಟ್ಟರು.

ಬಸ್ ಸ್ಟ್ಯಾಂಡಿನಲ್ಲಿ ಕೊಪ್ಪಳದ ಬಸ್ಸು ಇನ್ನೂ ಬಂದಿರಲಿಲ್ಲ. ಮಾತ್ರೆಯ ಡಬ್ಬಿ ನನ್ನ ಕೈಚೀಲದಲ್ಲಿತ್ತು. ಇನ್ನು ತಡೆಯಲಾಗಲಿಲ್ಲ.

"ಅವತ್ತ ಐವತ್ತೈದು ಅಂದ್ರೆಲ್ಲ, ನಿಮಗ ಹೆಂಗ ಗೊತ್ತಾತು? ಅವ್ವ ಹೇಳಿದ್ಲೇನು?"

"ಯಾರ್ ಹೇಳಬೇಕು? ನಿನ್ನ ತಮ್ಮ ಗಂಗಾವತಿ ದವಾಖಾನ್ಯಾಗ ಹುಟ್ಟಿದಾಂವ, ಅವಂದು ಜನ್ಮದ ಕಾಗದ ಖರೇದು. ಅವಗ ಈಗ ಐವತ್ತೊಂದು. ಅವನ್ನ ಕಂಕಳಾಗ ಹೊತಗೊಂಡು ಓಣಿ ತುಂಬ ತಿರಗತಿದ್ನಿ ಅಂತ ಮದುವಿ ಆದ ವಾರದಿಂದ ಹೇಳಾಕತ್ತಿ. ಐವತ್ತೆರಡರಾಗ ಐವತ್ತೊಂದು ಕಳದ್ರ ಒಂದು. ಒಂದು ವರ್ಷದ ಹುಡುಗಿ ಕೂಸಿನ್ನ ಹೊರತಾಳೇನು? ನಾಕ ವರ್ಷರೆ ದೊಡ್ಡಾಕಿ ಇರಬೇಕು."

ಇಪ್ಪತ್ತೈದು ವರ್ಷ ಮಕ್ಕಳಿಗೆ ಕಳೆಯುವ ಲೆಕ್ಕ ಹೇಳಿಕೊಟ್ಟವಳು ನಾನು. ನನ್ನ ಸುಳ್ಳನ್ನು ನನ್ನ ಬಾಯಿಂದಲೇ ಊಟಕ್ಕೊಮ್ಮೆ ಬಿಚ್ಚಿಡುತ್ತಿದ್ದೆ, ಇವರು ಅಷ್ಟೂ ವರ್ಷ ಉತ್ತರ ಗೊತ್ತಿದ್ದೂ ಸುಮ್ಮನೆ ಕೂತಿದ್ದರು.

"ಮತ್ತ ಸಣ್ಣಾಕಿ, ಸಣ್ಣಾಕಿ ಅಂತಿದ್ರಿ?"

"ನಿನಗ ಸಣ್ಣಾಕಿ ಇರೂದು ಬೇಕಾಗಿತ್ತಲ್ಲ."

"ನಿಮ್ಮವ್ವ ಏನಂತಿದ್ರು ಗೊತ್ತೈತಿಲ್ರಿ? ಹೆಣ್ಣು ದೊಡ್ಡದಾದ್ರ ಗಂಡಿನ ಆಯುಷ್ಯ..."

ಅಷ್ಟರಲ್ಲಿ ಬಸ್ಸು ಬಂತು. ಜನ ಒಮ್ಮೆಲೇ ಮುಗಿಬಿದ್ದರು. ಇವರು ನನ್ನ ಕೈಯಿಂದ ಆ ಒದ್ದೆ ಟವೆಲ್ ಕಿತ್ತುಕೊಂಡು ಓಡಿಹೋಗಿ ಕಿಟಕಿಯೊಳಗಿಂದ ಸೀಟಿಗೆ ಎಸೆದು, ಬಾಗಿಲಲ್ಲಿ ನುಗ್ಗಿ ಒಳಗೆ ಹೋದರು. ನಾನು ಹಿಂದೆ ಹಿಂದೆ ಹತ್ತಿದಾಗ ಸೀಟಿನ ಪಕ್ಕ ನಿಂತುಕೊಂಡು, ಸುತ್ತಲಿನವರೆಲ್ಲ ತಿರುಗಿ ನೋಡುವ ಹಾಗೆ ಗಟ್ಟಿಯಾಗಿ ಕರೆದರು:

"ಬರ್ರಿ, ಬರ್ರಿ. ಕುಂದರ್ರಿ. ದೊಡ್ಡೋರು ನೀವು."

ಮೂವತ್ತು ವರ್ಷದಲ್ಲಿ ಇವರು ನನಗೆ 'ರಿ' ಹಚ್ಚಿ ಕರೆದದ್ದು ಅದೇ ಮೊದಲು. ನಾಚಿಕೆಯಿಂದ ಮುಖಕ್ಕೆ ಸೆರಗು ಅಡ್ಡ ಹಿಡಿದು ಕೂತೆ. "ಹಂಗ ಅನಬ್ಯಾಡ್ರಿ, ಎಲ್ಲಾರೂ ನೋಡಾಕತ್ತಾರ," ಅಂದೆ. ಬಸ್ಸು ಹೊರಟಿತು. ಇವರು ಕಂಬಿ ಹಿಡಿದು ನನ್ನ ಕಡೆ ಬಗ್ಗಿ, ಈಗ ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದರು:

"ದೊಡ್ಡಾಕಿ ಇದ್ರ ಇರು. ಇದ್ರ ಸಾಕು."